ಒಲೆ ಮುಂದೆ: ಫ್ರೈಡ್ ರೈಸ್ ಗಾಡಿ ಮತ್ತು ಗೂದೆಹಣ್ಣಿನ ಲೆಕ್ಕ

(ಅಂಕಣ ಬರೆಯುವವರು ಕೋಲಾರದ ಒಂದು ವಿದ್ಯಾರ್ಥಿನಿಲಯದಲ್ಲಿ 24 ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಪ್ರಶ್ನೆಗಳನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದರೂ ಸಾಕು.)

ಪ್ರಶ್ನೆ: ಅಕ್ಕಾ, ನಮ್ಮದು ಐದು ಜನರ ಸಂಸಾರ. ಯಜಮಾನರಿಗೆ ನರಸಾಪುರದ ಕಡೆ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಶನಿವಾರ ಬಂತೆಂದರೆ ಮಕ್ಕಳಿಗೆ ಗಾಡಿಯ ಎಗ್ ಫ್ರೈಡ್ ರೈಸೇ ಆಗಬೇಕು. ಐದು ಪ್ಲೇಟಿಗೆ 350 ರೂಪಾಯಿ. ಮನೆಯಲ್ಲೇ ಮಾಡೋಣವೆಂದು ಯೂಟ್ಯೂಬ್ ನೋಡಿ ಸಾಸ್ ಬಾಟಲಿಗಳನ್ನು ತಂದೆ, ಅದಕ್ಕೇ 480 ಆಯಿತು. ಮಾಡಿದರೆ ಅನ್ನ ಪೊಂಗಲ್ ಥರ ಆಯಿತು. ಚೀನಾ, ಜಪಾನ್ ಕಡೆಯ ಅಡುಗೆಯನ್ನು ನಮ್ಮಂಥವರು ಕಡಿಮೆ ಖರ್ಚಿನಲ್ಲಿ ಮಾಡಲು ಸಾಧ್ಯವೇ ಇಲ್ಲವೇ?
— ಗೃಹಿಣಿ, ವೇಮಗಲ್

ಉತ್ತರ: ಆ ಬಾಟಲಿಗಳು ಈಗ ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿ ಕೂತಿವೆ ಅಲ್ವಾ ತಂಗೀ? ನಮ್ಮನೇಲೂ ಮೂರು ಕೂತಿದ್ದವು. ಒಂದರ ಮುಚ್ಚಳ ಅಂಟಿಕೊಂಡು ಕೊನೆಗೆ ತೆಗೆಯೋಕೇ ಬರಲಿಲ್ಲ.

ನೀವು ಮಾಡೋಕೆ ಹೋಗಿದ್ದು ಆ ದೇಶಗಳ ಹೋಟೆಲ್ ಅಡುಗೆ. ಅದೂ ನಮ್ಮ ಗಾಡಿಯವರ ಕೈಗೆ ಸಿಕ್ಕಿ ಅರ್ಧ ನಮ್ಮದೇ ಆಗಿಹೋಗಿರೋ ಅಡುಗೆ. ಅಲ್ಲಿನ ಬಡವರ ಮನೇಲಿ ವಾರದ ದಿನ ಏನು ಬೇಯುತ್ತೆ ಅಂತ ಕೇಳಿ ನೋಡಿ, ಲೆಕ್ಕವೇ ಬೇರೆ. ಅನ್ನ ಜಾಸ್ತಿ, ಸೊಪ್ಪು ತರಕಾರಿ ಸಿಕ್ಕಷ್ಟು, ಮೊಟ್ಟೆಯೋ ಮೀನೋ ಸ್ವಲ್ಪ, ನಾಲಿಗೆ ಚುರುಕಾಗೋ ಹಾಗೆ ಹುಳಿ ಖಾರದ ಒಂದು ನಂಚಿಕೆ. ಮುದ್ದೆ ತಿಂದು ಬೆಳೆದ ನಮಗೆ ಇದರಲ್ಲಿ ಹೊಸದೇನಿದೆ ಹೇಳಿ.

ನನ್ನ ತಂಗಿ ಮಗ ಚೀನಾದಲ್ಲಿ ಡಾಕ್ಟರ್ ಓದಿ ಬಂದ. ಆರು ವರ್ಷ ಇದ್ದು ಬಂದವನು, ಏನು ಕಲಿತೆಯೋ ಅಂದರೆ ನಮ್ಮ ಅಡುಗೆಮನೆಗೆ ಬಂದು ಒಂದು ಪಲ್ಯ ಮಾಡಿ ತೋರಿಸಿದ. ಮೊಟ್ಟೆ, ಟೊಮೆಟೊ, ಉಪ್ಪು, ಸಕ್ಕರೆ, ಬೆಳ್ಳುಳ್ಳಿ, ಈರುಳ್ಳಿ ಹೂವು. ಇಷ್ಟೇ! ಸಾಸ್ ಇಲ್ಲ, ಮಸಾಲೆ ಇಲ್ಲ. ಚೀನಾದಲ್ಲಿ ಇದು ಮನೆಮನೆಯ ಅಡುಗೆಯಂತೆ, ಹಾಸ್ಟೆಲ್ ಹುಡುಗರೂ ಮಾಡಿಕೊಳ್ಳುವಂಥದ್ದು. ಟೊಮೆಟೊಗೆ ಅವರು ಇಟ್ಟಿರೋ ಒಂದು ಹೆಸರಿಗೆ ‘ಪಶ್ಚಿಮದ ಕೆಂಪು ಪರ್ಸಿಮನ್ ಹಣ್ಣು’ ಅಂತ ಅರ್ಥ. ಅವರಿಗೂ ಅದು ಹೊರಗಿಂದ ಬಂದ ಕಾಯೇ. ನಮ್ಮಜ್ಜಿ ಗೂದೆಹಣ್ಣು ಅಂತಿದ್ದರು, ಶ್ರಾದ್ಧದ ಅಡುಗೆಗೆ ಅದನ್ನ ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಈಗ ನೋಡಿದರೆ ಕೋಲಾರ ಅಂದರೆ ಟೊಮೆಟೊ.

ಐದು ಜನಕ್ಕೆ ಆರು ಮೊಟ್ಟೆ, ಮುಕ್ಕಾಲು ಕೆ.ಜಿ. ಹಣ್ಣು. ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕಲಕಿ. ಬಾಂಡ್ಲಿ ಕಾಯಲಿ, ಮೂರು ಚಮಚ ಕಡ್ಲೆಕಾಯಿ ಎಣ್ಣೆ ಹಾಕಿ, ಎಣ್ಣೆ ಕಾದ ಮೇಲೆ ಮೊಟ್ಟೆ ಸುರೀರಿ. ಉಬ್ಬುತ್ತೆ. ಮುಕ್ಕಾಲು ಬೆಂದಾಗಲೇ ದೊಡ್ಡ ದೊಡ್ಡ ತುಂಡಾಗಿ ಮಡಚಿ ತಟ್ಟೆಗೆ ತೆಗೆದುಬಿಡಿ. ಇನ್ನೊಂದು ನಿಮಿಷ ಇರಲಿ ಅಂದರೆ ರಬ್ಬರ್ ಆಗುತ್ತೆ. ಅದೇ ಬಾಂಡ್ಲಿಗೆ ಮತ್ತೊಂದು ಚಮಚ ಎಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಆಮೇಲೆ ಒಂದೊಂದು ಹಣ್ಣನ್ನ ಆರೆಂಟು ಹೋಳು ಮಾಡಿ ಹಾಕಿ. ಉಪ್ಪು, ಒಂದೂವರೆ ಟೀ ಚಮಚ ಸಕ್ಕರೆ. ಹಣ್ಣು ರಸ ಬಿಟ್ಟು ಅರ್ಧ ಕರಗಿ, ಅರ್ಧ ಹೋಳಾಗೇ ಇರಬೇಕು. ಆಗ ಮೊಟ್ಟೆ ವಾಪಸ್ ಹಾಕಿ ಒಂದು ಸುತ್ತು ತಿರುವಿ ಇಳಿಸಿ. ಮೇಲೆ ಈರುಳ್ಳಿ ಹೂವು. ಬಿಸಿ ಅನ್ನದ ಮೇಲೆ ಹಾಕಿದರೆ ಆ ರಸವೇ ಸಾರು.

ಮೊದಲನೇ ಸಲ ನಾನು ಮಾಡಿದಾಗ ಕೈ ತಾನಾಗೇ ಅರಿಶಿನದ ಡಬ್ಬಿಗೆ, ಖಾರದ ಪುಡಿಗೆ ಹೋಯಿತು. ಹುಡುಗ ತಿಂದು, “ದೊಡ್ಡಮ್ಮ, ಇದು ನಿನ್ನ ಹಾಸ್ಟೆಲ್ ಮೊಟ್ಟೆ ಪಲ್ಯ” ಅಂದ. ನಿಜ, ಅದೇ ಆಗಿತ್ತು. ಹಾಗಾಗಿ ಒಂದು ಸಲ ಡಬ್ಬಿಗಳನ್ನ ಮುಚ್ಚಿಟ್ಟು ಮಾಡಿ ನೋಡಿ. ನಾಟಿ ಹಣ್ಣಾದರೆ ಹುಳಿ ಜಾಸ್ತಿ, ಸಕ್ಕರೆ ಇನ್ನರ್ಧ ಚಮಚ ಬೇಕಾಗುತ್ತೆ. ಲಾರಿಯಲ್ಲಿ ದೂರ ಹೋಗೋಕಂತ ಬೆಳೆಯೋ ಹೈಬ್ರಿಡ್ ಹಣ್ಣಿನ ತೊಗಲು ದಪ್ಪ, ರಸ ಕಡಿಮೆ. ಅದಕ್ಕೆ ಅರ್ಧ ಲೋಟ ನೀರು ಚಿಮುಕಿಸಿ.

ಖರ್ಚು ಹೇಳ್ತೀನಿ. ಈ ವಾರ ನಾನು ತಂದ ಮೊಟ್ಟೆ 7 ರೂಪಾಯಿಗೊಂದು, ಹಣ್ಣು ಕೆ.ಜಿ.ಗೆ 20. ಮೊಟ್ಟೆಗೆ 42, ಹಣ್ಣಿಗೆ 15, ಎಣ್ಣೆ, ಈರುಳ್ಳಿ ಹೂವು, ಬೆಳ್ಳುಳ್ಳಿ ಎಲ್ಲಾ ಸೇರಿ 20. ಒಟ್ಟು 77. ಅನ್ನಕ್ಕೆ ರೇಷನ್ ಅಕ್ಕಿ. ಟೊಮೆಟೊ ಬೆಲೆ ಮಾತ್ರ ನಂಬೋ ಹಾಗಿಲ್ಲ ಅನ್ನೋದು ಕೋಲಾರದವರಿಗೆ ನಾನು ಹೇಳಬೇಕಿಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತು. ಇನ್ನೊಂದು ವರ್ಷ ಅದೇ ಹಣ್ಣನ್ನ ರಸ್ತೆ ಬದಿ ಸುರಿದು ಹೋಗ್ತಾರೆ. ದರ ಬಿದ್ದಾಗ ಈ ಪಲ್ಯ ವಾರಕ್ಕೆರಡು ಸಲ ಮಾಡಿ. ದರ ಏರಿದಾಗ ಎಲೆಕೋಸು ಸಣ್ಣಗೆ ಹೆಚ್ಚಿ ಇದೇ ಥರ ಮೊಟ್ಟೆ ಜೊತೆ ಹುರೀರಿ, ಕೊನೆಗೆ ನಿಂಬೆಹಣ್ಣು ಹಿಂಡಿ.

ಇನ್ನು ನಿಮ್ಮ ಪೊಂಗಲ್ ಆದ ಫ್ರೈಡ್ ರೈಸ್. ತಪ್ಪು ಸಾಸಿನದಲ್ಲ, ಆಗಷ್ಟೇ ಕುಕ್ಕರಿಂದ ಇಳಿಸಿದ ಅನ್ನದ್ದು. ಬಿಸಿ ಅನ್ನದಲ್ಲಿ ನೀರಿನ ಪಸೆ ಇರುತ್ತೆ, ಸೌಟು ತಗುಲಿದರೆ ಕಲಸಿಕೊಳ್ಳುತ್ತೆ. ಚೆನ್ನಾಗಿ ತಣ್ಣಗಾದ ಮೇಲೆ ಅಕ್ಕಿಯ ಪಿಷ್ಟ ಗಟ್ಟಿಯಾಗಿ ಅಗುಳು ಬಿಡಿ ಬಿಡಿ ನಿಲ್ಲುತ್ತೆ. ಚಿತ್ರಾನ್ನಕ್ಕೆ ಅನ್ನ ಹರವಿ ಆರಿಸ್ತೀವಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಅಷ್ಟೇ. ರೇಷನ್ ಅಕ್ಕಿಯನ್ನ ನಾಲ್ಕು ನೀರು ತೊಳೆದು, ತೆರೆದ ಪಾತ್ರೇಲಿ ಬೇಯಿಸಿ ಗಂಜಿ ಬಸೀರಿ. (ಆ ಗಂಜಿ ಚೆಲ್ಲಬೇಡಿ, ಉಪ್ಪು ಮಜ್ಜಿಗೆ ಬೆರೆಸಿದರೆ ಬೆಳಗಿನ ಕಾಫಿಗಿಂತ ವಾಸಿ.) ಮನೆಯ ಗ್ಯಾಸ್ ಉರಿ ಗಾಡಿಯವರ ಉರಿಯಲ್ಲ. ಐದು ಜನದ್ದನ್ನ ಒಟ್ಟಿಗೇ ಬಾಂಡ್ಲಿಗೆ ಸುರಿದರೆ ಹುರಿಯೋದಿಲ್ಲ, ಹಬೇಲಿ ಬೇಯುತ್ತೆ. ಒಂದು ಸಲಕ್ಕೆ ಎರಡು ತಟ್ಟೆಯಷ್ಟೇ ಮಾಡಿ. ಬೀನ್ಸ್, ಕ್ಯಾರೆಟ್, ಕೋಸು ಎಷ್ಟು ಸಣ್ಣಗೆ ಹೆಚ್ಚಿದರೆ ಅಷ್ಟು ಬೇಗ ಬೇಯುತ್ತೆ, ಅಷ್ಟು ಗ್ಯಾಸ್ ಉಳಿಯುತ್ತೆ. ಬಾಟಲಿಗಳಲ್ಲಿ ಸೋಯಾ ಸಾಸ್ ಒಂದು ಸಾಕು, ತಟ್ಟೆಗೆ ಒಂದು ಟೀ ಚಮಚ. ಅದರಲ್ಲಿ ಉಪ್ಪು ವಿಪರೀತ, ಬೇರೆ ಉಪ್ಪು ಹಾಕೋ ಮುಂಚೆ ರುಚಿ ನೋಡಿ. ಉಳಿದ ಬಾಟಲಿಗಳನ್ನ ಯಾರಾದರೂ ನೆಂಟರಿಗೆ ಕೊಟ್ಟುಬಿಡಿ.

ಫಿಲಿಪೀನ್ಸಿನವರಂತೂ ಸೋಯಾನೂ ಇಲ್ಲದೆ, ಬರೀ ಬೆಳ್ಳುಳ್ಳಿಯನ್ನ ಕೆಂಪಗೆ ಹುರಿದು ಅದಕ್ಕೆ ರಾತ್ರಿ ಅನ್ನ ಹಾಕಿ ತಿರುವಿ, ಪಕ್ಕದಲ್ಲೊಂದು ಮೊಟ್ಟೆ ಇಟ್ಟುಕೊಂಡು ಬೆಳಗಿನ ತಿಂಡಿ ಮುಗಿಸ್ತಾರೆ. ಸಿನಾಂಗಾಗ್ ಅಂತಾರೆ. ಹತ್ತು ಎಸಳು ಬೆಳ್ಳುಳ್ಳಿ, ಹತ್ತು ನಿಮಿಷದ ಕೆಲಸ. ಸ್ಕೂಲ್ ಬಸ್ಸು ಬರೋ ಹೊತ್ತಿಗೆ ಡಬ್ಬಿ ತಯಾರು.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ‘ರಾತ್ರಿ ಅನ್ನವನ್ನು ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಿ’ ಎಂದು ಬರೆದಿದ್ದಿರಿ. ಹಾಗೆಯೇ ಮಾಡಿದೆ. ಮಗನಿಗೆ ಶಾಲೆಯಲ್ಲಿ ವಾಂತಿಯಾಯಿತು. ಅನ್ನವೇ ಕಾರಣವೋ ಬೇರೆಯೋ ಗೊತ್ತಿಲ್ಲ, ಆದರೂ ಕೇಳಬೇಕೆನಿಸಿತು.
— ಓದುಗರು, ಗೌರಿಬಿದನೂರು

ಉತ್ತರ: ಕೇಳಿದ್ದು ಒಳ್ಳೇದಾಯಿತು. ತಪ್ಪು ನನ್ನದೇ. ಮುಚ್ಚಿಟ್ಟು ಅಂತ ಬರೆದೆ, ಎಲ್ಲಿ, ಹೇಗೆ ಅಂತ ಬರೀಲಿಲ್ಲ. ಮಗ ಈಗ ಹುಷಾರಾಗಿದ್ದಾನೆ ಅಂತ ಕಾರ್ಡಿನ ಕೊನೇಲಿ ಬರೆದಿದ್ದೀರಿ, ಅದನ್ನ ಓದಿದ ಮೇಲೇ ನನಗೆ ಸಮಾಧಾನವಾಗಿದ್ದು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಸೂಕ್ಷ್ಮಾಣುವಿನ ಬೀಜಕಗಳು ಇರುತ್ತವೆ. ಅನ್ನ ಕುದಿಸಿದರೂ ಅವು ಸಾಯೋದಿಲ್ಲ. ಅನ್ನ ಉಗುರುಬೆಚ್ಚಗೆ, ತೇವವಾಗಿ, ಮುಚ್ಚಿದ ಪಾತ್ರೇಲಿ ಗಂಟೆಗಟ್ಟಲೆ ಕೂತರೆ ಮೊಳೆತು ವಿಷ ಬಿಡ್ತವೆ. ಆ ವಾಂತಿ ತರಿಸೋ ವಿಷ ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ಹೋಗಲ್ಲ, ಒಗ್ಗರಣೆ ಹಾಕಿದರೂ ಹೋಗಲ್ಲ. ವಾಸನೇಲೂ ಗೊತ್ತಾಗಲ್ಲ. ಹಾಸ್ಟೆಲಿನಲ್ಲಿ ದೊಡ್ಡ ಡಬರಿ ಅನ್ನ ಮುಚ್ಚಿಟ್ಟರೆ ನಡುವಿನ ಅನ್ನ ಬೆಳಗಿನ ಜಾವಕ್ಕೂ ಬೆಚ್ಚಗೇ ಇರುತ್ತಿತ್ತು. ಅದಕ್ಕೇ ನಾವು ಉಳಿದ ಅನ್ನವನ್ನ ಹುಡುಗರಿಗೆ ಕೊಡುತ್ತಿರಲಿಲ್ಲ, ಹಸುವಿಗೆ ಹೋಗುತ್ತಿತ್ತು. ಇದನ್ನ ಅಂಕಣದಲ್ಲಿ ಬರೆಯೋಕೆ ಮರೆತೆ ನೋಡಿ.

ಹಾಗಾಗಿ, ಅನ್ನ ಉಳಿಯುತ್ತೆ ಅನ್ನಿಸಿದ ತಕ್ಷಣ ಅಗಲವಾದ ತಟ್ಟೇಲಿ ತೆಳ್ಳಗೆ ಹರವಿ, ಫ್ಯಾನ್ ಕೆಳಗಿಟ್ಟು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮಾರನೇ ದಿನವೇ ಮುಗಿಸಿ, ಒಂದೇ ಸಲ ಹಬೆಯಾಡೋ ಹಾಗೆ ಬಿಸಿ ಮಾಡಿ. ಫ್ರಿಜ್ ಇಲ್ಲದ ಮನೇಲಿ ಫ್ರೈಡ್ ರೈಸಿಗೆ ರಾತ್ರಿ ಅನ್ನ ಬೇಡ, ಬೆಳಿಗ್ಗೆ ಬಸಿದು ಹರವಿ ಆರಿಸಿದ ಅನ್ನದಲ್ಲೇ ಮಾಡಿ. ನೀರು ಮಜ್ಜಿಗೆ ಹಾಕಿ ಹುಳಿ ಬರಿಸೋ ತಂಗಳನ್ನದ ದಾರಿ ಬೇರೆ, ಹುಳಿ ಬಂದ ಕಡೆ ಈ ಸೂಕ್ಷ್ಮಾಣುವಿಗೆ ಬೆಳೆಯೋಕೆ ಕಷ್ಟ. ಬಂಗಾಳದವರ ಪಾಂತಾ ಭಾತ್, ಒಡಿಶಾದವರ ಪಖಾಳ ಅಂದರೂ ಅದೇ. ಆದರೂ ಅನ್ನ ಮೊದಲು ಆರಬೇಕು, ಬಿಸಿ ಅನ್ನಕ್ಕೆ ನೀರು ಹುಯ್ದು ಮುಚ್ಚಬೇಡಿ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಮೊಟ್ಟೆಯೂ ಇಲ್ಲ. ಪನೀರ್ ದುಬಾರಿ. ತೋಫು (ಸೋಯಾ ಪನೀರ್) ತರೋಣವೆಂದರೆ ತುಮಕೂರಿಗೇ ಹೋಗಬೇಕು. ಬೆಳೆಯುವ ಮಕ್ಕಳಿಗೆ ಬೇಳೆ ಸಾರು ಬಿಟ್ಟು ಬೇರೇನಾದರೂ ಇದೆಯೇ?
— ಶಿಕ್ಷಕಿ, ತಿಪಟೂರು

ಉತ್ತರ: ಇದೆ ಮೇಡಂ, ನಿಮ್ಮ ಡಬ್ಬಿಯಲ್ಲೇ ಇದೆ. ಬರ್ಮಾ ದೇಶದ ಶಾನ್ ಸೀಮೆಯ ಜನ ಸೋಯಾ ಇಲ್ಲದೆ ತೋಫು ಮಾಡ್ತಾರೆ, ಕಡ್ಲೆಹಿಟ್ಟಿನಲ್ಲಿ. ಹಾಲು ಒಡೆಸೋದು, ಬಟ್ಟೇಲಿ ಕಟ್ಟಿ ಹಿಂಡೋದು ಯಾವ ರಗಳೆಯೂ ಇಲ್ಲ.

ಒಂದು ಲೋಟ ಕಡ್ಲೆಹಿಟ್ಟು, ಮೂರು ಲೋಟ ನೀರು. ಒಂದೂವರೆ ಲೋಟ ತಣ್ಣೀರಲ್ಲಿ ಹಿಟ್ಟು, ಅರ್ಧ ಟೀ ಚಮಚ ಅರಿಶಿನ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ. ಉಳಿದ ನೀರು ದಪ್ಪ ತಳದ ಪಾತ್ರೇಲಿ ಕುದಿಯಲಿ. ಕುದಿಯೋ ನೀರಿಗೆ ಹಿಟ್ಟಿನ ನೀರನ್ನ ಒಂದು ಕೈಯಲ್ಲಿ ಹುಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಿ. ಉರಿ ಸಣ್ಣ. ಎಂಟು ಹತ್ತು ನಿಮಿಷ ಕೈ ಬಿಡಬೇಡಿ. ಮುದ್ದೆ ತಿರುವಿ ಅಭ್ಯಾಸ ಇರೋ ಕೈಗೆ ಇದೇನು ಮಹಾ! ಹಸಿ ವಾಸನೆ ಹೋಗಿ, ಗಟ್ಟಿಯಾಗಿ, ಮೇಲೆ ಮಿರುಗು ಬಂದಾಗ ಎಣ್ಣೆ ಸವರಿದ ತಟ್ಟೆಗೆ ಸುರೀರಿ. ಒಂದು ಗಂಟೆ ಮುಟ್ಟಬೇಡಿ. ಬರ್ಫಿ ಥರ ಕತ್ತರಿಸೋಕೆ ಬರುತ್ತೆ. ಉತ್ತರ ಕರ್ನಾಟಕದವರು ಇದನ್ನ ಓದಿ, “ಇದು ನಮ್ಮ ಝುಣಕದ ವಡಿಯ ತಂಗಿಯಲ್ಲವೇ” ಅಂತ ನಗಬಹುದು. ಹೌದು, ತಂಗಿಯೇ. ಒಗ್ಗರಣೆ ಕಾಣದೆ ಬೆಳೆದ ತಂಗಿ.

ಹಾಗೇ ತಿನ್ನೋದಾದರೆ ಹಸಿ ಈರುಳ್ಳಿ, ಹುಣಸೆ ರಸ, ಕೊತ್ತಂಬರಿ, ಎಣ್ಣೇಲಿ ಹುರಿದ ಬೆಳ್ಳುಳ್ಳಿ. ಮಕ್ಕಳಿಗೆ ಬೇಕಾದರೆ ಕಾವಲಿ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ ಕೊಡಿ. ಕಡ್ಲೆಹಿಟ್ಟು ಅಂಗಡಿಯದಕ್ಕಿಂತ ಕಡ್ಲೆಬೇಳೆ ತಂದು ಮಿಲ್ಲಿಗೆ ಹಾಕಿಸಿದ್ದು ನನಗೆ ಮೇಲು.

ಇದರ ಜೊತೆಗೆ ಜಾವಾ ದ್ವೀಪದ ಒಂದು ಗೊಜ್ಜು. ನಿಮ್ಮ ಜಿಲ್ಲೆಯ ಪಾವಗಡದ ಕಡೆಯವರು ಕಡ್ಲೆಕಾಯಿ ಬೆಳೆದು ಬೆಳೆದು ಸುಸ್ತಾಗಿದ್ದಾರೆ, ಅವರಿಗೂ ಹೇಳಿ. ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ, ಮೂರು ಒಣಮೆಣಸಿನಕಾಯಿ, ಒಂದೆಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಉಪ್ಪು. ಬಿಸಿನೀರು ಹಾಕಿ ಚಟ್ನಿಗಿಂತ ತೆಳ್ಳಗೆ, ಸಾರಿಗಿಂತ ಗಟ್ಟಿ ರುಬ್ಬಿ. ಬೇಯಿಸಿದ ಹುರುಳಿಕಾಯಿ, ಕೋಸು, ಆಲೂಗಡ್ಡೆ, ಮೊಳಕೆ ಹೆಸರುಕಾಳು, ದಂಟಿನ ಸೊಪ್ಪು ಏನಿದೆಯೋ ಅದರ ಮೇಲೆ ಸುರಿದು ಅನ್ನದ ಜೊತೆ ತಿನ್ನಿ. ಅಲ್ಲಿ ಸೊಪ್ಪಿನ ಮೇಲೆ ಸುರಿದರೆ ಪೆಚೆಲ್, ತರಕಾರಿ ತೋಫು ಎಲ್ಲಾ ಸೇರಿಸಿದರೆ ಗಾದೊ-ಗಾದೊ. ತೆಂಗಿನಕಾಯಿ ಇಲ್ಲದೆ ಚಟ್ನಿಯೇ ಎಂದು ತಿಪಟೂರಿನವರು ಮುಖ ಕಿವುಚಬೇಡಿ. ಕಾಯಿ ದರ ಏರಿದಾಗ ನೆನಪಾಗುತ್ತೆ.

ಪ್ರಶ್ನೆ: ಗಾಡಿಯವರು ಹಾಕುವ ಟೇಸ್ಟಿಂಗ್ ಪೌಡರ್ ವಿಷವೇ? ಅದಿಲ್ಲದೆ ಆ ರುಚಿ ಬರುವುದಿಲ್ಲವೇ?
— ಪಿಯುಸಿ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ವಿಷ ಅಂತ ನಾನು ಹೇಳಲ್ಲಪ್ಪ. 1908ರಲ್ಲಿ ಜಪಾನಿನ ಕಿಕುನಾಎ ಇಕೆಡಾ ಅನ್ನೋ ರಸಾಯನಶಾಸ್ತ್ರಜ್ಞ ಕಡಲಪಾಚಿಯ ಸಾರಿಗೆ ಆ ರುಚಿ ಎಲ್ಲಿಂದ ಬರುತ್ತೆ ಅಂತ ಹುಡುಕಿದಾಗ ಸಿಕ್ಕಿದ್ದು ಗ್ಲುಟಮೇಟ್. ಅದನ್ನ ಉಪ್ಪಿನ ರೂಪಕ್ಕೆ ತಂದು ಮಾರಿದರು, ಅದೇ ಅಜಿನೊಮೊಟೊ, ನಿಮ್ಮ ಗಾಡಿಯವರ ಟೇಸ್ಟಿಂಗ್ ಪೌಡರ್. ಇದೇ ಗ್ಲುಟಮೇಟ್ ಕಳಿತ ಟೊಮೆಟೊದಲ್ಲಿ ತಾನಾಗೇ ಇರುತ್ತೆ. ಅದಕ್ಕೇ ಎರಡು ಹಣ್ಣನ್ನ ಎಣ್ಣೇಲಿ ಚೆನ್ನಾಗಿ ಬಾಡಿಸಿ ಮಾಡಿದ ಯಾವ ಅಡುಗೆಗೂ ನಾಲಿಗೆ ಹಿಡಿದು ನಿಲ್ಲಿಸೋ ಗುಣ ಬರೋದು. ನನ್ನ ಜಗಳ ಆ ಪುಡಿ ಜೊತೆಗಲ್ಲ. ದಿನವಿಡೀ ಕಾದು ಕಪ್ಪಾದ ಎಣ್ಣೆ ಜೊತೆಗೆ, ಲೆಕ್ಕವಿಲ್ಲದ ಉಪ್ಪಿನ ಜೊತೆಗೆ. ನಿನಗೆ ವಾರಕ್ಕೊಂದು ಪ್ಲೇಟ್ ತಿನ್ನೋಕೆ ನನ್ನ ಅಪ್ಪಣೆ ಬೇಕಿಲ್ಲ. ಮನೇಲಿರೋ ತೊಟ್ಟಿಲ ಕೂಸಿಗೆ ಮಾತ್ರ ಅದರ ತುತ್ತು ಕೊಡಬೇಡ.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಬೇರೆ ಬಣ್ಣದ ಕೆಲವು ಕಾಳುಗಳು ನೀರಿನಲ್ಲಿ ತೇಲುತ್ತವೆ. ಪ್ಲಾಸ್ಟಿಕ್ ಎಂದು ಅಕ್ಕಪಕ್ಕದವರು ಆರಿಸಿ ಎಸೆಯುತ್ತಾರೆ.
— ಬಂಗಾರಪೇಟೆಯಿಂದ ಒಬ್ಬರು

ಉತ್ತರ: ಎಸೆಯಬೇಡಿ. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಸಿಡ್, ಬಿ-12 ಬೆರೆಸಿ ಮತ್ತೆ ಕಾಳಿನ ಆಕಾರ ಕೊಟ್ಟು, ನೂರು ಕಾಳಿಗೆ ಒಂದರಂತೆ ಸೇರಿಸಿರ್ತಾರೆ. ಒಲೆಯ ಮೇಲೆ ಪ್ಲಾಸ್ಟಿಕ್ ಕರಗುತ್ತೆ, ಇದು ಬೇಯುತ್ತೆ. ಮೊರದಲ್ಲಿ ಕೂತು ಅದನ್ನೇ ಆರಿಸಿ ಹೊರಗೆ ಹಾಕೋದು, ಆಮೇಲೆ ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಅಂತ ಟಾನಿಕ್ ತರೋದು. ಏನು ಹೇಳೋಣ.

ಪ್ರಶ್ನೆ: ಅಕ್ಕಾ, ಮಕ್ಕಳು ಹೊಸ ರುಚಿ ಕೇಳುತ್ತಾರೆ. ಮಾವನವರಿಗೆ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ. ದಿನಾ ಎರಡೆರಡು ಅಡುಗೆ ಮಾಡಿ ಸಿಲಿಂಡರ್ ತಿಂಗಳು ಪೂರ್ತಿ ಬರುತ್ತಿಲ್ಲ.
— ಸೊಸೆ, ಶ್ರೀನಿವಾಸಪುರ

ಉತ್ತರ: ‘ಸೊಸೆ’ ಅಂತ ಸಹಿ ಹಾಕಿದ್ದೀರಿ, ಅರ್ಥವಾಯಿತು.

ಮುದ್ದೆಗೂ ಅನ್ನಕ್ಕೂ ಒಂದೇ ಸಾರು ಮಾಡಿ. ಫಿಲಿಪೀನ್ಸಿನಲ್ಲಿ ಸಿನಿಗಾಂಗ್ ಅಂತ ಹುಣಸೆಹುಳಿಯ ಸಾರು ಇದೆ. ಬೇಳೆ ಇಲ್ಲ, ಕಾಯಿ ಇಲ್ಲ, ರುಬ್ಬೋದಿಲ್ಲ. ನೀರಿಗೆ ದಪ್ಪ ದಪ್ಪ ಈರುಳ್ಳಿ, ಎರಡು ಟೊಮೆಟೊ ಹಾಕಿ ಕುದಿಸಿ. ಮೂಲಂಗಿ ಹೋಳು, ಆಮೇಲೆ ಹುರುಳಿಕಾಯಿ, ಆಮೇಲೆ ಬೆಂಡೆಕಾಯಿ, ಬೇಯೋಕೆ ಹಿಡಿಯೋ ಹೊತ್ತಿನ ಪ್ರಕಾರ ಒಂದರ ಹಿಂದೆ ಒಂದು. ಎರಡು ಹಸಿಮೆಣಸಿನಕಾಯಿ ಸೀಳದೆ ಇಡಿಯಾಗಿ. ಹುಣಸೆ ರಸ ಧಾರಾಳ, ಬಾಯಿ ಚುಳ್ ಅನ್ನಬೇಕು. ಕೊನೆಗೆ ಒಂದು ಕಟ್ಟು ಸೊಪ್ಪು ಹಾಕಿ ಉರಿ ಆರಿಸಿ, ಬಿಸಿಗೇ ಬಾಡುತ್ತೆ. ಅವರು ಹಂದಿ ಮಾಂಸವೋ ಸಿಗಡಿಯೋ ಮೀನೋ ಹಾಕ್ತಾರೆ. ನೀವು ಭಾನುವಾರ ಕೆರೆ ಮೀನು ಸಿಕ್ಕರೆ ಹಾಕಿ, ಇಲ್ಲವಾದರೆ ಬೇಯಿಸಿದ ಅಲಸಂದೆಕಾಳು. ಇಪ್ಪತ್ತು ನಿಮಿಷ, ಒಂದೇ ಪಾತ್ರೆ.

ನಂಚಿಕೊಳ್ಳೋಕೆ ಅಸ್ಸಾಮಿನ ಪಿಟಿಕಾ. ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿರೋ ಅಸ್ಸಾಮಿನ ಹುಡುಗಿಯರು ರಾತ್ರಿ ಪಾಳಿ ಮುಗಿಸಿ ಬಂದು ಮಾಡ್ಕೊಳ್ಳೋದು ಇದನ್ನೇ. ಬೇಯಿಸಿದ ಆಲೂಗಡ್ಡೆ, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು, ಮೇಲೆ ಹಸಿ ಸಾಸಿವೆ ಎಣ್ಣೆ ಹಾಕಿ ಕೈಯಲ್ಲೇ ಕಿವುಚೋದು. ಸಾಸಿವೆ ಎಣ್ಣೆ ಘಾಟು ನನಗೆ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು, ಅವು ನಕ್ಕವು. ನಾನು ಕಡ್ಲೆಕಾಯಿ ಎಣ್ಣೆ ಹಾಕ್ತೀನಿ. ಬದನೆಕಾಯಿ ಸುಟ್ಟೂ ಮಾಡಬಹುದು, ಆಗ ಅದು ನಮ್ಮ ಗೊಜ್ಜಿಗೆ ಬಹಳ ಹತ್ತಿರ ಬರುತ್ತೆ.

ಮಾವನವರಿಗೆ ಇದು ಯಾವ ದೇಶದ್ದು ಅಂತ ಮೊದಲೇ ಹೇಳಬೇಡಿ. ನಮ್ಮನೆಯವರಿಗೆ ನಾನು ಹೇಳದೆ ಬಡಿಸಿದೆ. ಎರಡು ಮುದ್ದೆ ಮುಗಿಸಿ, “ಉಪ್ಸಾರಿಗೆ ಇವತ್ತು ಖಾರ ಅರೆಯೋದು ಮರೆತೆಯಾ?” ಅಂದರು. ಮೂರನೇ ಸಲ ಸಾರು ಹಾಕಿಸಿಕೊಂಡ ಮೇಲೆ.